ಉಕ್ಕು ಇಡಲೇ, ಅಲ್ಯೂಮಿನಿಯಂ ಇಡಲೇ

ತಣ್ಣಗೆ ಕಚ್ಚುತ್ತದೆ, ನೆಲದ ಮೇಲೆ ಬಟ್ಟೆ ಮುಚ್ಚಿಟ್ಟ ಎರಡು ಪೆಟ್ಟಿಗೆಗಳತ್ತ ಕೈ ತೂರಿಸಿದರೂ ಯಾವುದು ಯಾವುದೆಂದು ಬೆರಳಿಗೆ ಗೊತ್ತು, ಅಲ್ಯೂಮಿನಿಯಂ ಮುಟ್ಟಿದೊಡನೆ ನನ್ನ ಬಿಸಿಯನ್ನು ಕಿತ್ತುಕೊಳ್ಳುತ್ತದೆ, ಉಕ್ಕು ಸಾವಧಾನ, ಅಪ್ಪನ ಹಾಗೆ — ಅಪ್ಪ ಆಗಲೇ ಮಡಚುಕುರ್ಚಿಯಲ್ಲಿ ಕೂತು ಅನ್ನದ ಸುರುಳಿ ತಿನ್ನುತ್ತಿದ್ದಾನೆ, ಸೋಯಾ ಹಾಲು ಮೊಣಕಾಲುಗಳ ನಡುವೆ, ರೂಯ್‌ಚು, ಎಷ್ಟೊತ್ತೇ ಸವರ್ತಾ ಕೂತಿರ್ತೀಯಾ, ಉಕ್ಕಿಂದು ಮೇಲಿಡು, ಜನ ಬರೋ ಹೊತ್ತಾಯ್ತು. ಮೇಜು ಅಂಗೈಯಗಲ, ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ನಮ್ಮ ತಗಡಿನ ಪೆಟ್ಟಿಗೆ ಒಂದೇ ಹಿಡಿಸುವುದು, ತೈಪೆಯ ಈ ಕಂಪ್ಯೂಟರ್ ಮೇಳದಲ್ಲಿ ನಮಗೆ ಸಿಕ್ಕಿದ್ದು ಕಕ್ಕಸಿನ ಪಕ್ಕದ ಮೂಲೆ, ದೊಡ್ಡ ಕಾರ್ಖಾನೆಗಳೆಲ್ಲ ಸಮುದ್ರ ದಾಟಿ ಚೀನಾಕ್ಕೆ ಹೋದವು, ಸಾನ್‌ಚುಂಗಿನ ನಮ್ಮ ಬೀದಿಯಲ್ಲಿ ತಗಡು ಒತ್ತುವ ಸದ್ದು ನಮ್ಮ ಮನೆಯಲ್ಲಿ ಮಾತ್ರ ಉಳಿದಿದೆ, ಅದೂ ವಾರಕ್ಕೊಮ್ಮೆ, ಈ ಮೇಳದಲ್ಲೂ ಯಾರೂ ಕೇಳದಿದ್ದರೆ ಪ್ರೆಸ್ಸು ಗುಜರಿಗೆ, ಮಾತಾಡಿ ಆಗಿದೆ, ಗುಜರಿಯವನು ಸೋಮವಾರ ಲಾರಿ ತರುತ್ತಾನೆ.

ಯಾವುದನ್ನು ಇಡಲಿ, ಉಕ್ಕು ಬಾಗುವುದಿಲ್ಲ, ಸದ್ದು ಮಾಡುವುದಿಲ್ಲ, ತಿರುಪು ಹತ್ತು ಸಲ ಬಿಚ್ಚಿ ಹಾಕಿದರೂ ಹಿಡಿತ ಬಿಡುವುದಿಲ್ಲ, ಅಪ್ಪ ಹೇಳುವುದೆಲ್ಲ ನಿಜವೇ, ಭಾರ ಇದ್ರೇನೇ ಕಣೇ ಜನಕ್ಕೆ ನಂಬಿಕೆ, ಅಲ್ಯೂಮಿನಿಯಂ ಅನ್ನೋದು ಟಿಫಿನ್ ಡಬ್ಬಿ ಮಾಡೋ ಲೋಹ — ಆದರೆ ತೈಚುಂಗಿನ ಶಾಲೆಯ ಆ ವ್ಯಾಯಾಮ ಮಂದಿರ, ಕಂಪ್ಯೂಟರ್ ಜೋಡಿಸಿಕೊಂಡು ಆಟ ಆಡುವ ಮಕ್ಕಳ ಕೂಟ, ನಾನು ಸುಮ್ಮನೆ ನೋಡಲು ಹೋದವಳು, ಸ್ಕೂಟರಿನ ಕಾಲಿಡುವ ಜಾಗಕ್ಕೆ ರಬ್ಬರ್ ಹಗ್ಗದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಂದ ಹುಡುಗಿ, ಮೆಟ್ಟಿಲಲ್ಲಿ ಅದನ್ನು ತಬ್ಬಿಕೊಂಡು ಉಸಿರು ಬಿಡುತ್ತಾ, ಅಕ್ಕಾ ಒಂಚೂರು ಹಿಡೀತೀರಾ, ಇದನ್ನ ಮಾಡ್ದೋನು ಜನ್ಮದಲ್ಲಿ ಒಂದ್ಸಲನೂ ಎತ್ತಿಲ್ಲ ಅನ್ಸುತ್ತೆ, ನಾನು ಹಿಡಿದೆ, ತಳ ಮುಟ್ಟಿದೊಡನೆ ಆ ಅಂಚಿನ ಮಡಿಕೆ ಗುರುತು ಸಿಕ್ಕಿತು, ನಮ್ಮದೇ ಉಕ್ಕಿನ ಮಾಲು, ಮೇಲಿನ ಮೆಟ್ಟಿಲವರೆಗೂ ಹಿಡಿದೇ ನಡೆದೆ.

ಊರಿಗೆ ಬಂದವಳೇ ಅಲ್ಯೂಮಿನಿಯಂ ಹಾಳೆ ತಂದೆ, ಮೊದಲನೆಯದು ಮಡಿಸುವಾಗಲೇ ಬಿರುಕು ಬಿಟ್ಟಿತು, ಎರಡನೆಯದು ಫ್ಯಾನ್ ತಿರುಗಿದರೆ ದುಂಬಿಯ ಹಾಗೆ ಗುಂಯ್‌ಗುಟ್ಟಿತು, ಅಪ್ಪ ನಕ್ಕ, ದಪ್ಪ ಹಾಳೆ ಹಾಕಿದೆ, ಮಡಿಕೆಯ ಮೂಲೆಯನ್ನು ದುಂಡಗೆ ಮಾಡಿದೆ, ತಿರುಪು ಕೂರುವಲ್ಲೆಲ್ಲ ಉಕ್ಕಿನ ನಟ್ಟು ಒತ್ತಿದೆ, ಅಪ್ಪ ನಗುವುದನ್ನು ಬಿಟ್ಟ, ಆದರೂ ಮೇಳಕ್ಕೆ ಮಾತ್ರ ಉಕ್ಕೇ ಅಂದ.

ಅಗೋ, ಕಾವ್‌ಶುಂಗಿನ ಮೇಡಂ ಹೋಂಗ್, ದಕ್ಷಿಣದಲ್ಲೆಲ್ಲ ಕಂಪ್ಯೂಟರ್ ಅಂಗಡಿ ಇಟ್ಟ ಹೆಂಗಸು, ಕೈಯಲ್ಲಿ ಸಾಬಕ್ಕಿ ಗುಂಡುಗಳ ಮುತ್ತಿನ ಚಹಾ, ನಮ್ಮ ಕಡೆಗೇ — ಅಲ್ಲ, ಕಕ್ಕಸಿನ ಕಡೆಗೆ — ಕೈ ತಾನಾಗಿಯೇ ಬಟ್ಟೆ ಎಳೆದು ಒಂದನ್ನು ಎತ್ತಿಟ್ಟುಬಿಟ್ಟಿತು, ಬೆಳ್ಳಗೆ, ಬಣ್ಣವಿಲ್ಲದೆ, ಅಲ್ಯೂಮಿನಿಯಂ ಮೇಜಿನ ಮೇಲೆ. ಅಯ್ಯೋ, ಅಂದ ಅಪ್ಪ. ಅವಳು ನಿಂತಳು. ಹಗುರದ ಮಾಲಾ, ಬೇಡಮ್ಮಾ, ನಾನು ನೋಡಿಲ್ವಾ, ಮೂರು ತಿಂಗಳಿಗೆ ಗಡಗಡ ಅನ್ನುತ್ತೆ. ಒಳಗಿನ ಫ್ಯಾನ್ ಚಾಲೂ ಮಾಡ್ತೀನಿ ಮೇಡಂ, ಕಿವಿ ಇಟ್ಟು ಕೇಳಿ. ಇಟ್ಟಳು, ಕೆನ್ನೆಯನ್ನೇ ಒತ್ತಿದಳು, ಕಣ್ಣು ಮುಚ್ಚಿದಳು, ನನ್ನ ಎದೆ ಮಾತ್ರ ಗುಂಯ್‌ಗುಟ್ಟುತ್ತಿತ್ತು, ಪೆಟ್ಟಿಗೆಯಲ್ಲ. ಫ್ಯಾನ್ ಆರಿಸು ಅಂದಳು. ವೈರು ಕಿತ್ತು ನೆಲಕ್ಕಿಳಿಸು ಅಂದಳು. ಇಳಿಸಿದೆ. ಅಂಗಡಿಗಳ ಒಡತಿ, ತೂಕದ ಹೆಂಗಸು, ತೊಟ್ಟದ್ದು ರೇಷ್ಮೆಯ ಪ್ಯಾಂಟು, ಪೆಟ್ಟಿಗೆಯ ಮೇಲೆ ಕೂತೇಬಿಟ್ಟಳು! ಕಾಲು ಎತ್ತಿ ಕೂತಳು, ಚಹಾ ಹೀರಿದಳು, ಪಕ್ಕದ ಮಳಿಗೆಯವರೆಲ್ಲ ಎದ್ದು ನಿಂತರು, ಅಪ್ಪ ಕಣ್ಣು ಮುಚ್ಚಿಕೊಂಡ, ಒಂದು ಕಿರ್ ಇಲ್ಲ, ಒಂದು ಕೂದಲಷ್ಟೂ ಜಗ್ಗಲಿಲ್ಲ. ಎದ್ದು ಹಿಂಭಾಗ ತಟ್ಟಿಕೊಂಡಳು. ಯಾರು ಮಾಡಿದ್ದು, ಇವ್ರಾ? ಅಪ್ಪ ಎದ್ದ, ಗಡ್ಡಕ್ಕಂಟಿದ ಅನ್ನವನ್ನೂ ಒರೆಸಿಕೊಳ್ಳದೆ, ನಾನಲ್ಲ ಮೇಡಂ, ನಾನು ಬೇಡ ಅಂದೋನು, ಇದು ನನ್ನ ಮಗಳು ಮಾಡಿದ್ದು — ನನ್ನ ಮಗಳು, ಇಡೀ ಸಾಲಿಗೇ ಕೇಳುವಂತೆ ಅಂದ, ಮೂವತ್ತೊಂಬತ್ತು ವರ್ಷದಲ್ಲಿ ಅಷ್ಟು ಜೋರಾಗಿ ಅಂದದ್ದನ್ನು ನಾನು ಕೇಳಿಲ್ಲ. ಬಣ್ಣ ಬಳೀಬೇಡ ಕಣಮ್ಮ, ಹಿಂಗೇ ಇರ್ಲಿ, ನನ್ನ ಅಷ್ಟೂ ಅಂಗಡಿಗೆ ಇದೇ ಬೇಕು, ನಾಳೆ ಬರ್ತೀನಿ ಕೂತು ಮಾತಾಡೋಣ, ಇದನ್ನ ಮಾತ್ರ ಈಗ್ಲೇ ಒಯ್ತೀನಿ. ಆಳು ಕರೀಲಾ ಮೇಡಂ, ಅಂದ ಅಪ್ಪ. ಯಾಕೆ, ನಂಗೆ ಕೈ ಇಲ್ವಾ? ಎತ್ತಿದಳು. ಗುಜರಿಯವನು ಬರಬೇಕಿಲ್ಲ, ಅಪ್ಪ ಆಗಲೇ ಫೋನು ಹುಡುಕುತ್ತಿದ್ದಾನೆ, ಯಾವ ಜೇಬು, ಯಾವ ಜೇಬು, ಇರಲಿ ಬಿಡು, ನನಗೆ ಈಗ ಏನೂ ಕೇಳಿಸುತ್ತಿಲ್ಲ, ಅವಳು ನಡೆಯುತ್ತಿದ್ದಾಳೆ, ಸಭಾಂಗಣದ ನಡುವಿನ ದೊಡ್ಡ ದಾರಿಯಲ್ಲೇ, ದೊಡ್ಡ ದೊಡ್ಡ ಮಳಿಗೆಗಳ ಮುಂದೆ, ಜನ ಜರುಗಿ ದಾರಿ ಬಿಡುತ್ತಿದ್ದಾರೆ, ಒಂದು ಕೈಯಲ್ಲಿ ನನ್ನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ನನ್ನ ಪೆಟ್ಟಿಗೆ ಬೀಸುತ್ತಾ, ಇನ್ನೊಂದು ಕೈಯಲ್ಲಿ ಚಹಾ, ತೊಟ್ಟೂ ತುಳುಕದೆ, ಹೀರುತ್ತಾ, ಒಂದೇ ಕೈಯಲ್ಲಿ —