ಗೋಡೆಯಡಿಯ ಓಕುಳಿ

ಜಯಲಕ್ಷ್ಮಿ ಸ್ಟೂಲು ಹತ್ತಿ ಕಾಂಪೌಂಡ್ ಗೋಡೆಯಾಚೆ ಇಣುಕಿದಾಗ ಪಕ್ಕದ ಮನೆಯ ರವಿಕಿರಣ್ ಮೊಣಕಾಲುದ್ದ ಅಗೆದಿದ್ದ. ಅಗೆತ ನೇರ ಇವರ ಗೋಡೆಯ ಕಡೆಗೇ ಬರುತ್ತಿತ್ತು. ತೋಟದಲ್ಲಿ ಮಳೆನೀರು ನಿಲ್ಲುತ್ತಿದೆ, ಇರುವ ಮೋರಿಗೆ ಸೇರಿಸಿಬಿಡುತ್ತೇನೆ ಎಂದು ಹೋದ ವಾರ ಹೇಳಿದ್ದ. ಯಾವ ಮೋರಿಗೆ ಎಂದು ಹೇಳಿರಲಿಲ್ಲ. ಹೇಳದೆ ಬಿಟ್ಟದ್ದರಲ್ಲೇ ಎಲ್ಲ ಇದೆಯೆಂದು ಅವಳಿಗೆ ಖಾತ್ರಿ.

ಅನುಮಾನಪಡಲು ಅವಳಿಗೆ ಹೆಚ್ಚೇನೂ ಬೇಕಿರಲಿಲ್ಲ. ಮಂಡ್ಯದ ಕಡೆಯವರು, ಪೆರುಂಗುಡಿಯಲ್ಲಿ ಕೆಲಸ, ಪಕ್ಕದ ಖಾಲಿ ಸೈಟಿನಲ್ಲಿ ಮನೆ ಕಟ್ಟಿ ವರ್ಷವಾಗಿಲ್ಲ. ಅಷ್ಟು ನಯವಾಗಿ ಮಾತಾಡುವವರನ್ನು ನಂಬುವುದಾದರೂ ಹೇಗೆ? ನಂಗನಲ್ಲೂರಿನ ಬೀದಿಯೆಲ್ಲ ಮುಳುಗಿದ ವರ್ಷವೂ ಇವರ ಅಂಗಳದಲ್ಲಿ ನೀರು ನಿಂತಿರಲಿಲ್ಲ. ಗಿಂಡಿಯ ಕಾರ್ಖಾನೆಯಲ್ಲಿ ಪೈಪುಗಳ ನಡುವೆ ಆಯುಷ್ಯ ಸವೆಸಿದ ಗಂಡ ಹರಿದಾಸನ ಕೈಚಳಕ ಅದು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹರಿದಾಸ ಹಾಕಿದ ಆ ಮೋರಿಗೆ ಇವನು ಕನ್ನ ಹಾಕಿದರೆ ಮುಂದಿನ ಮಳೆಗೆ ದೇವರಮನೆಯವರೆಗೂ ನೀರು.

ಕಾರ್ಪೊರೇಷನ್‌ಗೆ ಕಂಪ್ಲೇಂಟ್ ಬರೆದು ಮೂರು ದಿನವಾಗಿತ್ತು. ಹರಿದಾಸ ಸಹಿ ಹಾಕಿರಲಿಲ್ಲ. ಕನ್ನಡಕ ಸಿಗುತ್ತಿಲ್ಲ ಎಂದ, ಪೆನ್ನು ಬರೆಯುತ್ತಿಲ್ಲ ಎಂದ, ಕೊನೆಗೆ ಉಯ್ಯಾಲೆಯಿಂದ ಏಳಲೇ ಇಲ್ಲ.

"ಹೋಗ್ಲಿ ಬಿಡು ಜಯಾ. ನೀರು ತಾನೇ. ಪಾವಂ, ಪಾಪ, ಚಿಕ್ಕವ್ರು."

"ಪಾವಮೋ ಗೀವಮೋ, ಇವತ್ತು ಪ್ರೂಫೇ ತೋರಿಸ್ತೀನಿ ಇರಿ."

ಶುಕ್ರವಾರ. ದೇವಿಗೆ ಆರತಿ ಎತ್ತಿದ ಓಕುಳಿ ತಟ್ಟೆಯಲ್ಲಿತ್ತು. ಅರಿಸಿನಕ್ಕೆ ಸುಣ್ಣ ಬೆರೆತು ಕೆಂಪಗಾದ ನೀರು. ಯಾರೂ ತುಳಿಯಬಾರದೆಂದು ವಾರವಾರವೂ ಅದನ್ನು ದಾಸವಾಳದ ಬುಡಕ್ಕೆ ಹಾಕುತ್ತಿದ್ದಳು. ಇವತ್ತು ಬಕೆಟ್ಟಿನ ನೀರಿಗೆ ಬೆರೆಸಿ, ಇನ್ನಷ್ಟು ಅರಿಸಿನ, ಸುಣ್ಣ ಕದಡಿ, ದೇವಿ ಕ್ಷಮಿಸಲಿ ಎಂದುಕೊಂಡು ಹಿತ್ತಲ ಮೋರಿಯ ಬಾಯಿಗೆ ಸುರಿದಳು. ಅವನು ಮೋರಿಯನ್ನು ಒಡೆದಿದ್ದರೆ ಅವನ ಗುಂಡಿಯಲ್ಲಿ ಕೆಂಪು ಕಾಣಲೇಬೇಕು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಮತ್ತೆ ಸ್ಟೂಲು ಹತ್ತಿದಳು.

ಕೆಂಪು ಬಂತು. ಆದರೆ ಅವನು ತಂದ ಹೊಸ ಪೈಪು ಇನ್ನೂ ಪ್ಲಾಸ್ಟಿಕ್ ಬಿಚ್ಚದೆ ಮೂಲೆಯಲ್ಲಿ ಬಿದ್ದಿತ್ತು. ಅಗೆತ ಗೋಡೆಯ ಬುಡದಲ್ಲಿ ಬೀದಿಯ ಮೋರಿಯತ್ತ ತಿರುಗಿದ್ದೂ ಈಗ ಕಂಡಿತು. ಓಕುಳಿ ಬರುತ್ತಿದ್ದದ್ದು ಗೋಡೆಯಡಿಯಿಂದ, ಬೇರು ಸುತ್ತಿದ, ಪಾಚಿ ಕಟ್ಟಿದ ಹಳೇ ಮಣ್ಣಿನ ಪೈಪಿನಿಂದ. ಅದು ಅವನ ಗುಂಡಿ ತುಂಬಿ, ಕೊಳೆತ ಕರಿಬೇವಿನ ಸಸಿಗಳ ನಡುವೆ ಹರಡಿತು.

"ಕಾಲಿಡ್ಬೇಡಿ ಕಣ್ರೀ," ಎಂದಳು ಅವನ ಹೆಂಡತಿ ಅನು. "ಆರತಿ ನೀರು ಅದು. ಯಾರ್ ಮನೇದೋ."

ಜಯಲಕ್ಷ್ಮಿ ಇಳಿದು ಒಳಗೆ ಬಂದಳು. ಅವಳು ಏನೂ ಕೇಳುವ ಮೊದಲೇ ಉಯ್ಯಾಲೆ ನಿಂತಿತು.

"ನಾನು ಆ ಕಡೆಗೆ ಪೈಪು ಬಿಟ್ಟಾಗ ಅದು ಖಾಲಿ ಸೈಟು," ಎಂದ ಹರಿದಾಸ. "ಅವ್ರು ಮನೆ ಕಟ್ಟಿದಾಗ್ಲೇ ಮುಚ್ಬೇಕಿತ್ತು. ಮುಚ್ಚಿದ್ರೆ ನಮ್ಮ ಅಂಗಳದಲ್ಲಿ ನಿಲ್ಲತ್ತೆ ಜಯಾ."

ಅವಳಿಗೆ ಮುಖ ಉರಿದುಹೋಯಿತು. ಊರಿಗೆಲ್ಲ ಕೊಚ್ಚಿಕೊಂಡ ಮಾತುಗಳು ಒಂದೊಂದಾಗಿ ನೆನಪಾದವು. ಸಹಿಯಿಲ್ಲದ ಕಂಪ್ಲೇಂಟನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೇ ಸಲ ಸ್ಟೂಲು ಹತ್ತಿದಳು.

"ರವಿಕಿರಣ್, ಅದು ನಮ್ಮಾತ್ತಿನ, ನಮ್ಮನೆ ನೀರು. ಮೊದಲಿಂದ್ಲೂ ನಮ್ಮದೇ."

ಅವನು ಗುದ್ದಲಿ ಹಿಡಿದುಕೊಂಡೇ ಪೈಪನ್ನು ನೋಡಿದ, ಸಸಿಗಳನ್ನು ನೋಡಿದ. ಯಾರೂ ತುಳಿಯದ ಹಾಗೆ ಅನು ಆ ಕೆಂಪು ನೀರಿನ ಸುತ್ತ ಒಂದೊಂದೇ ಇಟ್ಟಿಗೆ ತಂದು ಇಡುತ್ತಿದ್ದಳು.