ಕಟಿಂಗ್ ಮಾವನ ಆಸ್ಟರ್ ಗಿರಾಕಿ

ಕಟಿಂಗ್ ಮಾವನ ಕೈಗೆ ಒಂದು ಕಾಯಿಲೆ ಇತ್ತು. ಉದ್ದವಾಗಿ ಬೆಳೆದದ್ದು ಏನೇ ಕಣ್ಣಿಗೆ ಬೀಳಲಿ, ಬೆರಳುಗಳು ತಾವಾಗಿಯೇ ಕತ್ತರಿಯ ಹಾಗೆ ಆಡತೊಡಗುತ್ತಿದ್ದವು. ಟವೆಲ್ಲಿನ ಅಂಚಿನ ದಾರ, ಪೊರಕೆಯ ತುದಿ, ಬೀಗರ ಹುಬ್ಬು, ಯಾವುದೂ ಅವರಿಂದ ಪಾರಾಗಿರಲಿಲ್ಲ. ಬೀದಿಯವರು ಪ್ರೀತಿಯಿಂದ ಮಾವ ಎನ್ನುತ್ತಿದ್ದರು, ಹತ್ತಿರ ಬಂದರೆ ಮಾತ್ರ ಮೀಸೆ ಮುಚ್ಚಿಕೊಳ್ಳುತ್ತಿದ್ದರು.

ಇಂಥವರ ಕಟಿಂಗ್ ಅಂಗಡಿಯ ಮುಂದೆಯೇ, ಬೀದಿಗೆ ತಾಗಿದ ಜಾಗದಲ್ಲಿ, ಹೆಂಡತಿ ತೋಟ ಮಾಡಿದ್ದಳು. ಆಕೆ ಆಸ್ಪತ್ರೆಯಲ್ಲಿ ನರ್ಸು. ಹುಳಹುಪ್ಪಟೆ, ಹಕ್ಕಿ, ಚಿಟ್ಟೆ ಎಲ್ಲ ನೆಮ್ಮದಿಯಾಗಿರಬೇಕು ಎನ್ನುವುದು ಆಕೆಯ ತೋಟದ ಕಾನೂನು. ಒಣಗಿದ ಎಲೆ ಗುಡಿಸುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ, ಎಲೆ ತಿನ್ನುವ ಕಂಬಳಿಹುಳವನ್ನು ಗದರುವಂತೆಯೂ ಇಲ್ಲ. ಎಲ್ಲದರ ನಡುವೆ ಆಸ್ಟರ್ ಗಿಡ. ನರ್ಸರಿಯ ಕುಂಡದಲ್ಲಿ ಸಿಂಗಾರ ಮಾಡಿಕೊಂಡು ಕೂರುವ ಆಸ್ಟರ್ ಅಲ್ಲ, ಇದೇ ನೆಲದ ಕಾಡು ಆಸ್ಟರ್. ವರ್ಷದ ಬಹುಪಾಲು ಕಳೆಯ ಹಾಗೆ ನಿಂತಿದ್ದು, ಉಳಿದ ಹೂಗಳೆಲ್ಲ ಮುಗಿದ ಮೇಲೆ ಸಣ್ಣ ನೇರಳೆ ಹೂ ಬಿಡುತ್ತದೆ. ಚಳಿಗೆ ಮುಂಚೆ ಜೇನುನೊಣಗಳಿಗೆ ಅದೇ ಕಡೆಯ ಊಟ.

ಹಿಂದಿನ ವರ್ಷ ಮೊಗ್ಗು ಮೂಡುವ ಹೊತ್ತಿಗೆ ಮಾವ ತಡೆಯಲಾರದೆ ಅದಕ್ಕೆ ಮಿಲಿಟರಿ ಕಟಿಂಗ್ ಮಾಡಿಬಿಟ್ಟರು. ಹೂವೇ ಬರಲಿಲ್ಲ. ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬೋಳು ಗಿಡದ ಪಕ್ಕ ಕೂತು, ಅಲ್ಲೇ ಸುಳಿದಾಡುತ್ತಿದ್ದ ಒಂದು ಜೇನುನೊಣಕ್ಕೆ "ತಪ್ಪಾಯ್ತಪ್ಪ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಏನ್ರೀ, ನಿಮ್ಮ ಕೈನ ನಾನಿನ್ನು ನಂಬಲ್ಲ" ಎಂದಳು. ಮಾವನಿಗೆ ಆಸ್ತಿ ಅಂತ ಇದ್ದದ್ದೇ ಆ ಎರಡು ಕೈ. ಆ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಈ ವರ್ಷ ಗಿಡ ಹೂ ಬಿಡಬೇಕು, ಹೆಂಡತಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಆದರೆ ಗಿರಾಕಿಗಳು ಬಿಡಬೇಕಲ್ಲ! ಆಸ್ಟರ್ ಆಳೆತ್ತರ ಬೆಳೆದು, ಕುಡಿದವನಂತೆ ಕಾಲುದಾರಿಯ ಮೇಲೆ ವಾಲಿಕೊಂಡಿತ್ತು. ಪಕ್ಕದ ಅಂಗಡಿಯ ದರ್ಜಿ ದಿನವೂ ಕೆಣಕುತ್ತಿದ್ದ. "ಮಾವ, ಬಾಗಿಲಲ್ಲಿರೋ ತಲೇನೇ ಹೀಗಿದ್ರೆ, ಒಳಗೆ ಬಂದೋರ ಗತಿ ಏನು?" ಮಾವ ಕೈಗಳನ್ನು ಜೇಬಿಗೆ ತುರುಕಿಕೊಂಡು ಹಲ್ಲು ಕಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಮಾವ ಆಗತಾನೇ ಶಟರ್ ಎತ್ತಿದ್ದರು. ನೈಟ್ ಡ್ಯೂಟಿಗೆ ಹೋದ ಹೆಂಡತಿ ಇನ್ನೂ ಬಂದಿರಲಿಲ್ಲ. ದರ್ಜಿ ಗಡ್ಡ ಕೆರೆದುಕೊಳ್ಳುತ್ತಾ ಬೆಂಚಿನ ಮೇಲೆ ಕೂತಿದ್ದ. ಅಷ್ಟರಲ್ಲಿ ನಗರಸಭೆಯವನೊಬ್ಬ ಹುಲ್ಲು ಕತ್ತರಿಸುವ ಮೆಷಿನ್ನನ್ನು ಹೆಗಲಿಗೆ ಹಾಕಿಕೊಂಡು ಬಂದ.

"ದಾರಿಗೆ ಬಾಗಿರೋ ಕಳೆನೆಲ್ಲ ತೆಗೀಬೇಕಂತೆ ಮಾವ. ಇದನ್ನೂ ಸವರಿಬಿಡ್ಲಾ?"

ಮಾವನ ಮನಸ್ಸು ಗರಿಗೆದರಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವುದು ಇದಕ್ಕೇ ಅಲ್ಲವೇ! ಅಂಗಡಿಯ ಮುಂದೆ ಚೊಕ್ಕಟ, ಬೈಗುಳ ನಗರಸಭೆಗೆ. ಗಂಟಲವರೆಗೂ ಬಂದ "ಹೂಂ" ಅನ್ನು ಹೊರಗೆ ಬಿಡುವ ಮುಂಚೆ, ಕಡೆಯದಾಗಿ ಒಮ್ಮೆ ನೋಡೋಣವೆಂದು ಗಿಡದ ಹತ್ತಿರ ಬಗ್ಗಿದರು.

ಮೊದಲ ಹೂ ಅರಳಿತ್ತು. ಅದರ ಹಳದಿ ನಡುವಿಗೆ ಮುಖ ಒತ್ತಿಕೊಂಡು, ಹಿಂಭಾಗ ಮೇಲೆತ್ತಿಕೊಂಡು, ಒಂದು ದಪ್ಪನೆಯ ಜೇನುನೊಣ ಮಲಗಿತ್ತು. ಬೆನ್ನಿನ ರೋಮದ ಮೇಲೆಲ್ಲ ಇಬ್ಬನಿ. ಮಾವ ಮೆಲ್ಲಗೆ ಊದಿದರು. ಅದು ಒಂದು ಕಾಲು ಎತ್ತಿ, 'ಹೋಗಯ್ಯಾ' ಎಂಬಂತೆ ಆಡಿಸಿ, ಮತ್ತೆ ನಿದ್ದೆಗೆ ಜಾರಿತು. ಕುರ್ಚಿಯಲ್ಲಿ ನಿದ್ದೆ ಹೋದ ಎಷ್ಟೋ ಗಿರಾಕಿಗಳನ್ನು ಮಾವ ಕಂಡಿದ್ದರು. ಇಂಥ ಗಾಢ ನಂಬಿಕೆಯಿಂದ ಮಲಗಿದವರು ಯಾರೂ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು.

ಹಿಂದೆ ಮೆಷಿನ್ ಗುರ್ರೆಂದಿತು. ಮಾವ ಒಳಗೆ ಓಡಿದರು. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ತಂದು, ಆಸ್ಟರ್ ಪೊದೆಯನ್ನು ತಬ್ಬಿ ಎತ್ತಿ, ಸುತ್ತಲೂ ಹೊದಿಸಿ, ಕುತ್ತಿಗೆ ಇರಬಹುದಾದ ಜಾಗದಲ್ಲಿ ಗಂಟು ಹಾಕಿದರು.

"ಮುಟ್ಟಬೇಡ! ನನ್ನ ಗಿರಾಕಿ!"

ಅವನು ಮೆಷಿನ್ ಆರಿಸಿದ. "ಗಿಡಾನಾ?"

"ಬಟ್ಟೆ ಕಟ್ಟಿದ್ದೀನೋ ಇಲ್ವೋ? ಒಬ್ಬ ಬಟ್ಟೆ ಕಟ್ಟಿದ ತಲೆಗೆ ಇನ್ನೊಬ್ಬ ಕೈ ಹಾಕಬಾರದು. ಅದು ನಮ್ಮ ಕಸುಬಿನ ಧರ್ಮ."

"ಹೌದಪ್ಪ, ಕೇಳಿದ್ದೀನಿ" ಎಂದ ದರ್ಜಿ ಬೆಂಚಿನಿಂದ. ಅವನು ಕೇಳಿರಲಿಲ್ಲ.

ನಗರಸಭೆಯವನು ಗಿಡದ ಸುತ್ತ ಒಂದು ಸುತ್ತು ಬಂದ. ಈಗ ಅದು ನೆಟ್ಟಗೆ ನಿಂತಿತ್ತು, ಕಾಲುದಾರಿ ಖಾಲಿಯಾಗಿತ್ತು. "ದಾರಿಗೆ ಬಾಗಿಲ್ಲ ಅಂದ್ಮೇಲೆ ನನಗೇನು, ಬಿಡಿ" ಎಂದು ಮೆಷಿನ್ ಹೊತ್ತು ನಡೆದ.

ಹೆಂಡತಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡದ್ದು ಸರಿಯಾಗಿ ಆಗಲೇ. ಆಕೆಯ ಕಣ್ಣಿಗೆ ಬಿದ್ದದ್ದೇನು? ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಆಸ್ಟರ್, ಪಕ್ಕದಲ್ಲಿ ಜೇಬಿನಲ್ಲಿ ಕತ್ತರಿ ಸಿಕ್ಕಿಸಿಕೊಂಡ ಗಂಡ. ಚೀಲ ಕೈಯಿಂದ ಜಾರಿತು.

"ಅಯ್ಯೋ, ಮತ್ತೆ ಶುರು ಹಚ್ಕೊಂಡ್ರಾ!"

ಮಾವ ಎರಡೂ ಕೈ ಮೇಲೆತ್ತಿದರು. "ಮುಟ್ಟಿಲ್ಲ ಕಣೇ! ನೀನೇ ನೋಡು ಬೇಕಾದ್ರೆ."

ಆಕೆ ಗಾಯದ ಪಟ್ಟಿ ಬಿಚ್ಚುವವಳಂತೆ ಬಟ್ಟೆಯ ಅಂಚು ಎತ್ತಿ ನೋಡಿದಳು. ಕಡ್ಡಿಗಳನ್ನು ಒಂದೊಂದಾಗಿ ತುದಿಯವರೆಗೂ ಸವರಿದಳು. ಬಟ್ಟೆ ಕೊಡವಿದಳು. ಒಂದು ಎಲೆಯೂ ಉದುರಲಿಲ್ಲ, ಮೊಗ್ಗುಗಳೆಲ್ಲ ಇದ್ದ ಹಾಗೇ ಇದ್ದವು. ಈ ಗಲಾಟೆಗೆ ಎದ್ದ ನೊಣ ಮುಖ ಒರೆಸಿಕೊಂಡು ಅದೇ ಹೂವಿನಲ್ಲಿ ತಿಂಡಿ ಶುರು ಮಾಡಿತು. ದರ್ಜಿ ನಡೆದದ್ದನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದ.

"ಮೆಷಿನ್ ಬಂದಾಗ ನಿಮಗೆ ಒಳಗೊಳಗೇ ಖುಷಿ ಆಗ್ಲಿಲ್ವಾ? ನಿಜ ಹೇಳಿ" ಎಂದಳು ಹೆಂಡತಿ.

"ಆಯ್ತು."

"ಆಮೇಲೆ?"

"ಆಮೇಲೆ ಬಟ್ಟೆ ತಂದೆ."

ಆಕೆಗೆ ನಗು ತಡೆಯಲಾಗಲಿಲ್ಲ. "ಗಂಟು ನೋಡಿ, ಹೇಗೆ ಬಿಗಿದಿದ್ದೀರಿ. ಅದು ಉಸಿರಾಡೋದು ಬೇಡ್ವಾ?" ಎನ್ನುತ್ತಾ ಬಿಚ್ಚಿ, ಸಡಿಲವಾಗಿ ಮತ್ತೆ ಕಟ್ಟಿದಳು. "ಹೂ ಮುಗಿಯೋವರೆಗೂ ಹೀಗೇ ಇರಲಿ."

"ಅಲ್ಲಿವರೆಗೆ ಗಿರಾಕಿಗಳಿಗೆ ಏನು ಹೊದಿಸ್ಲಿ?"

ಆಕೆ ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ, ನೆಂಟರು ಬಂದರೂ ಹೊರಗೆ ತೆಗೆಯದಿದ್ದ ಗಿಳಿ ಚಿತ್ರದ ಹೊಸ ಬೆಡ್‌ಶೀಟ್ ತಂದಳು. ದರ್ಜಿ ಗಡ್ಡ ಮುಂದೆ ಮಾಡಿಕೊಂಡು ಕುರ್ಚಿಯ ಕಡೆ ಹೊರಟ. ಅವನಿಗಿಂತ ಮೊದಲೇ ಆಕೆ ಹೋಗಿ ಅದರಲ್ಲಿ ಕೂತಳು. ಮದುವೆಯಾಗಿ ಬಂದ ದಿನದಿಂದ ಆ ಕುರ್ಚಿಯ ಧೂಳು ಒರೆಸಿದ್ದಳೇ ಹೊರತು, ಒಮ್ಮೆಯೂ ಕೂತವಳಲ್ಲ. ಗಿಳಿಗಳನ್ನು ತಾನೇ ಮೈಮೇಲೆ ಹೊದ್ದುಕೊಂಡು, ಜಡೆ ಬಿಚ್ಚಿ ಬೆನ್ನ ಮೇಲೆ ಹರಡಿದಳು.

"ತುದಿ ಸೀಳಿದೆ. ಎಷ್ಟು ತೆಗೀಬೇಕು ಅಂತ ನಿಮಗೇ ಗೊತ್ತು."

ಮಾವ ಬಾಚಣಿಗೆ ಎತ್ತಿಕೊಂಡರು, ಒರೆಸಿದರು, ಮತ್ತೆ ಒರೆಸಿದರು.

"ಮಾವ, ಸರದಿ ನಂದು" ಎಂದ ದರ್ಜಿ.

"ನಾಳೆ ಬಾರೋ" ಎಂದರು ಮಾವ. "ಇವತ್ತಿಗೆ ಇದೊಂದೇ ತಲೆ."

ಕನ್ನಡಿಯಲ್ಲಿ ಅವರ ಮುಖ ನೋಡಿ ಹೆಂಡತಿ ಗದರಿದಳು. "ಹಲ್ಲು ಕಿರಿಯೋದು ಆಮೇಲೆ, ಮೊದಲು ಕೂದಲು ನೋಡ್ರೀ."