ಜಗಳವಾಡದ ಮಗ

ಬಾಯಿ ಇನ್ನೂ ಅಗಲಿಸೋ, ಅನ್ನುತ್ತಾಳೆ ಅಕ್ಕ, ಅಗಲಿಸುತ್ತೇನೆ, ಅವಳ ಸಣ್ಣ ಕನ್ನಡಿ ನಾಲಗೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಕೆನ್ನೆಯೊಳಗೆ ಹತ್ತಿ, ತುಟಿ ಮರಗಟ್ಟಿ ಬೇರೆ ಯಾರದ್ದೋ ಆಗಿದೆ — ನಿನ್ನ ಕಥೆ ಓದಿದೆ ಕಣೋ, ಅನ್ನುತ್ತಾಳೆ, ಹಲ್ಲಿನ ಡಾಕ್ಟರಿಗೆ ಇದೊಂದು ಅನುಕೂಲ, ಕುರ್ಚಿಯಲ್ಲಿರುವವನು ಮಾತು ತಿರುಗಿಸಲಾರ — ಸಂಜೆಯೊಳಗೆ ಸಂಪಾದಕರಿಗೆ ಕಳಿಸಬೇಕು, ನಡೆದದ್ದನ್ನು ನಡೆದ ಹಾಗೇ ಬರೆದಿದ್ದೇನೆ ಅಂತ ಮಾತು ಕೊಟ್ಟಿದ್ದೇನೆ, ಅಕ್ಕ ಒಂದು ಸಲ ಹೂಂ, ಹೀಗೇ ನಡೆದದ್ದು ಅಂದರೆ ಸಾಕು, ಅಂದುಬಿಡು — ಆದ್ರೆ ಆ ಕಥೇಲಿ, ಅನ್ನುತ್ತಾಳೆ, ಮಗ ಸಾಯೋ ಅಪ್ಪನ ಮುಂದೆ ಆ ಪರಿ ಕೂಗಾಡ್ತಾನಲ್ಲ, ತಟ್ಟೆ ಎಸೀತಾನೆ, ಯಾರೋ ಅವನು? ನೀನು ಅಪ್ಪನ ಹತ್ರ ಜಗಳ ಆಡಿದ್ದು ಯಾವಾಗ? ಚಪ್ಪಲಿ ಬೇಕಿದ್ರೂ ಅಮ್ಮನ ಕೈಲಿ ಹೇಳಿಸ್ತಿದ್ದೆ, ಕೆಟ್ಟವನಾಗೋಕೂ ಧೈರ್ಯ ಬೇಕಪ್ಪ, ನಿನಗೆಲ್ಲಿತ್ತು — ಮುಖಗವಸಿನ ಹಿಂದೆ ನಗುತ್ತಾಳೆ, ಯಂತ್ರ ಗಿರ್ರೆನ್ನುತ್ತದೆ, ಸುಟ್ಟ ಉಗುರಿನಂಥ ವಾಸನೆ, ನಾನು ಆ ಮಗನನ್ನು ಎಷ್ಟು ಮುದ್ದಿನಿಂದ ದುಷ್ಟನನ್ನಾಗಿ ಮಾಡಿದೆ, ಓದಿದವರು ತನ್ನನ್ನೂ ಬಿಡದೆ ಬರೆದಿದ್ದಾನೆ ಅನ್ನಬೇಕಿತ್ತು, ನಡೆದದ್ದೋ ಎಷ್ಟು ಚಿಕ್ಕದು, ಬರೆಯಲು ನಾಚಿಕೆ — ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ನನ್ನ ಮೊದಲ ಕಥೆ ಓದುತ್ತಿದ್ದೇನೆ, ದನಿ ಏರಿಸಿ ಇಳಿಸಿ, ತಲೆಯೆತ್ತಿದರೆ ಅಪ್ಪ ಬಾಯಿ ತೆರೆದು ನಿದ್ದೆಹೋಗಿದ್ದಾರೆ, ಪಕ್ಕದ ಹಾಸಿಗೆಯವನು ಕಿಸಕ್ಕನೆ ನಕ್ಕ, ಹಾಳೆ ಮಡಚಿ ಎದ್ದು ಬಂದೆ, ಮುನಿಸು, ಅಷ್ಟೇ, ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಅಷ್ಟರಲ್ಲಿ ಅವರು ಹೋಗಿಬಿಟ್ಟರು — ಆ ತೆರೆದ ಬಾಯಿ — ಉಗುಳು, ಅನ್ನುತ್ತಾಳೆ, ಉಗುಳುತ್ತೇನೆ, ನೀರು ತುಟಿಗೆ ತಿಳಿಯದೆ ಅಂಗಿಯ ಮೇಲೆ ಇಳಿಯುತ್ತದೆ, ಅವತ್ತು ನೀನು ಹೋದ್ಮೇಲೆ ಅಪ್ಪಂಗೆ ಎಚ್ಚರ ಆಯ್ತು, ಅನ್ನುತ್ತಾಳೆ ಕೈಗವಸು ಕಳಚುತ್ತ, ಎಲ್ಲೇ ಅವನು, ಕೊನೆಗೆ ಆ ಹುಡುಗಿ ವಾಪಸ್ ಬಂದ್ಲಂತಾ, ಅಂತ ಕೇಳಿದ್ರು, ನಂಗೇನು ಗೊತ್ತು, ನಾಳೆ ಬರ್ತಾನೆ ಅವನನ್ನೇ ಕೇಳಿ ಅಂದೆ — ಆ ಹುಡುಗಿ, ನನ್ನ ಮೊದಲ ಕಥೆಯವಳು, ಅವಳು ಬರುವುದು ನಾಲ್ಕನೇ ಹಾಳೆಯಲ್ಲಿ, ಅಲ್ಲಿಯವರೆಗೂ ಕೇಳಿಸಿಕೊಂಡಿದ್ದರು, ತಲೆಯಲ್ಲಿ ಆಗಲೇ ವಾಕ್ಯ ಕೂಡಿಕೊಳ್ಳುತ್ತಿದೆ, ಎಂಥ ಕಡೆಯ ಸಾಲು, ಥೂ ನಿನ್ನ, ಇನ್ನೂ ಒಂದು ಹನಿ ಕಣ್ಣೀರು ಬಂದಿಲ್ಲ, ಅಲ್ಪವಿರಾಮ ಎಲ್ಲಿ ಅಂತ ಹುಡುಕುತ್ತಿದ್ದೀಯಲ್ಲೋ — ಅಕ್ಕ ಮುಖಗವಸು ಕೆಳಗಿಳಿಸುತ್ತಾಳೆ, ಆ ಕೂಗಾಟ ತೆಗೆದು ಇದನ್ನ ಹಾಕ್ಕೋ, ಚೆನ್ನಾಗಿರುತ್ತೆ, ನಿಜ ಅಂತ ನಾನೇ ಹೇಳ್ತೀನಿ ನಿಮ್ಮ ಸಂಪಾದಕರಿಗೆ, ಕೊಡು ನಂಬರು — ತೆರೆದ ಬಾಯಿ, ಏನೋ ಕೇಳಲು ಹೊರಟಂತೆ, ತೆರೆದ ಬಾಯಿ — ಬೇಡ, ಹಾಕಲ್ಲ.